ಆರನೆಯ ಇಂದ್ರಿಯ

ಓದುಗರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಕಣ್ಣುಗಳನ್ನು ಮುಚ್ಚಿ, ಬಲಗೈಯನ್ನು ಪಕ್ಕಕ್ಕೆ ನೀಳವಾಗಿ ಚಾಚಿರಿ. ಬಳಿಕ ತೋರುಬೆರಳಿನ ತುದಿಯನ್ನು ಮೂಗಿನ ತುದಿಗೆ ಮುಟ್ಟಿಸಿರಿ. ಬೆರಳು ಹೆಚ್ಚುಕಡಮೆ ಗುರಿ ತಪ್ಪದೆ ಬಂದು ಸೇರುತ್ತದೆ. ಕಣ್ಣು ದಾರಿ ತೋರಲಿಲ್ಲ. ಕಿವಿಗೆ ಏನೂ ಕೇಳಿಸಲಿಲ್ಲ. ಮೂಗನ್ನು ಸೇರುವವರೆಗೆ ಬೆರಳಿಗೆ ಯಾವ ವಸ್ತುವೂ ತಾಗಲಿಲ್ಲ. ಹಾಗಾದರೆ ಕೈ ಎಲ್ಲಿದೆ, ಎತ್ತ ಚಲಿಸುತ್ತಿದೆ ಎಂಬುದು ಮೆದುಳಿಗೆ ತಿಳಿದುದು ಹೇಗೆ?

ಪಂಚೇಂದ್ರಿಯಗಳ ಲೆಕ್ಕಕ್ಕೆ ಸೇರದ ಇನ್ನೊಂದು ಇಂದ್ರಿಯವು ನಮ್ಮ ದೇಹದಲ್ಲಿದೆ. ಮೆದುಳಿನ ಆಜ್ಞೆಯನ್ನು ಸ್ನಾಯುವಿಗೆ ಒಯ್ಯುವ ನರಗಳಿರುವಂತೆಯೇ, ಸ್ನಾಯುವಿನ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ನರಗಳೂ ಇರಬೇಕೆಂದು ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಅವರು 1826ರಲ್ಲಿ ಪ್ರತಿಪಾದಿಸಿದರು. 1906ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್ಟನ್ ಅವರು ಈ ಅರಿವಿಗೆ ‘ಪ್ರೊಪ್ರಿಯೊಸೆಪ್ಷನ್’ ಎಂಬ ಹೆಸರನ್ನಿತ್ತರು. ಕನ್ನಡದಲ್ಲಿ ಇದನ್ನು ‘ಸ್ವಾಂಗಜ್ಞಾನ’ ಎನ್ನಬಹುದು.

ಸ್ನಾಯುವಿನೊಳಗಿನ ಕದಿರು

ನಮ್ಮ ಇಚ್ಛೆಗೆ ಅಧೀನವಾದ ಬಹುಪಾಲು ಸ್ನಾಯುಗಳೊಳಗೆ, ನಡುವೆ ಉಬ್ಬಿ ತುದಿಗಳಲ್ಲಿ ಚೂಪಾದ, ಕೆಲವೇ ಮಿಲಿಮೀಟರು ಉದ್ದದ ಸೂಕ್ಷ್ಮಾಂಗಗಳು ಹುದುಗಿವೆ. ನೂಲುವ ಕದಿರನ್ನು ಹೋಲುವುದರಿಂದ ಇವುಗಳಿಗೆ ‘ಸ್ನಾಯುಕದಿರು’ ಎಂಬ ಹೆಸರು ಒಪ್ಪುತ್ತದೆ. ಸ್ನಾಯು ಹಿಗ್ಗಿದಾಗ ಕದಿರೂ ಹಿಗ್ಗುತ್ತದೆ. ಅದನ್ನು ಸುತ್ತಿಕೊಂಡಿರುವ ನರತಂತು ಆ ವಾರ್ತೆಯನ್ನು ಕೂಡಲೇ ಬೆನ್ನುಹುರಿಗೂ ಮೆದುಳಿಗೂ ಕಳುಹುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ಕಂಡರದಲ್ಲಿ ಎಳೆತದ ಬಲವನ್ನು ಅಳೆಯುವ ಬೇರೆ ಅಂಗಗಳಿವೆ. ಕೀಲುಗಳೂ ಚರ್ಮವೂ ತಮ್ಮ ಪಾಲಿನ ವಾರ್ತೆಯನ್ನು ಕೂಡಿಸುತ್ತವೆ.

ವೈದ್ಯರು ಮೊಣಕಾಲಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಮುಂದಕ್ಕೆ ಚಿಮ್ಮುವುದನ್ನು ಅನೇಕರು ಕಂಡಿರಬಹುದು. ಪೆಟ್ಟಿನಿಂದ ಕಂಡರವು ಜಗ್ಗಿ, ತೊಡೆಯ ಸ್ನಾಯುವಿನ ಕದಿರುಗಳು ಹಿಗ್ಗುತ್ತವೆ. ವಾರ್ತೆಯು ಬೆನ್ನುಹುರಿಯನ್ನು ಮುಟ್ಟಿ, ಅಲ್ಲಿಂದಲೇ ಉತ್ತರವನ್ನು ಪಡೆದು ಹಿಂದಿರುಗುತ್ತದೆ. ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಮಾತ್ರ.

ಕದಿರುಗಳನ್ನು ಮೋಸಗೊಳಿಸಲೂ ಬಹುದು. ತೋಳಿನ ಮುಂಭಾಗದ ಸ್ನಾಯುವಿನ ಕಂಡರಕ್ಕೆ ಸೆಕೆಂಡಿಗೆ ನೂರರ ಆಸುಪಾಸಿನ ಕಂಪನಗಳನ್ನು ಕೊಟ್ಟರೆ, ಕಣ್ಣು ಮುಚ್ಚಿದ ಮನುಷ್ಯನಿಗೆ ತನ್ನ ಮೊಣಕೈ ನೀಳವಾಗಿ ಚಾಚಿಕೊಳ್ಳುತ್ತಿರುವಂತೆ ತೋರುತ್ತದೆ. ಕಂಪನವನ್ನು ಕದಿರುಗಳು ಹಿಗ್ಗುವಿಕೆಯೆಂದು ವರದಿಮಾಡುವುದೇ ಇದಕ್ಕೆ ಕಾರಣ. 1972ರಲ್ಲಿ ಪ್ರಕಟವಾದ ಇಂಥ ಪ್ರಯೋಗಗಳಿಂದ, ಅಂಗಗಳ ಅರಿವಿನಲ್ಲಿ ಕದಿರುಗಳ ಪಾತ್ರವೇನೆಂಬುದು ಸ್ಪಷ್ಟವಾಯಿತು.

ಅರಿವು ಅಳಿದಾಗ

ಈ ಇಂದ್ರಿಯದ ಬೆಲೆಯು ಅದನ್ನು ಕಳೆದುಕೊಂಡವರಿಂದ ತಿಳಿಯತಕ್ಕದ್ದು. 19ನೆಯ ಶತಮಾನದಲ್ಲಿ ಬರ್ಲಿನ್ನಿನ ವೈದ್ಯ ರೋಂಬೆರ್ಗ್ ಅವರು, ಬೆನ್ನುಹುರಿಯ ರೋಗವುಳ್ಳವರು ಕಣ್ತೆರೆದು ನಿಲ್ಲಬಲ್ಲರಾದರೂ ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ವಿವರಿಸಿದರು. ಮುಖ ತೊಳೆಯಲೆಂದು ಕಣ್ಣು ಮುಚ್ಚಿ ಬಾಗಿದರೂ ಅಂಥವರು ಬೀಳುವ ಸಂಭವವುಂಟು.

ಇದಕ್ಕಿಂತಲೂ ದಾರುಣವಾದುದು ಐಯನ್ ವಾಟರ್‌ಮನ್ ಎಂಬುವರ ವೃತ್ತಾಂತ. ಬ್ರಿಟನ್ನಿನ ವೈದ್ಯ ಜೊನಾಥನ್ ಕೋಲ್ ಅವರು 1991ರಲ್ಲಿ ಇದನ್ನು ಒಂದು ಗ್ರಂಥವಾಗಿ ಬರೆದರು. 1971ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ವಾಟರ್‌ಮನ್ ಅವರು ಒಂದು ಸೋಂಕಿನ ತರುವಾಯ ಕತ್ತಿನಿಂದ ಕೆಳಗೆ ಸ್ಪರ್ಶವನ್ನೂ ಸ್ವಾಂಗಜ್ಞಾನವನ್ನೂ ಕಳೆದುಕೊಂಡರು. ನೋವು ಮತ್ತು ಬಿಸಿ-ತಂಪುಗಳು ತಿಳಿಯುತ್ತಿದ್ದವು; ಸ್ನಾಯುಗಳ ಬಲವೂ ಉಳಿದಿತ್ತು. ಆದರೂ ಅವರು ಎದ್ದು ಕೂರಲಾರದಾದರು. ಕೈಗಳು ಅವರ ಅಂಕೆ ಮೀರಿ ಅತ್ತಿತ್ತ ಓಲಾಡುತ್ತಿದ್ದವು. ಕೊನೆಗೆ ಅವರು ಪ್ರತಿಯೊಂದು ಚಲನೆಯನ್ನೂ ಮೊದಲು ಯೋಚಿಸಿ, ಕಣ್ಣಿನಿಂದ ನೋಡುತ್ತ ನಡೆಸುವುದನ್ನು ಕಲಿತರು; ಬಹುಕಾಲದ ಶ್ರಮದಿಂದ ನಡೆಯಲೂ ಶಕ್ತರಾದರು. ದೀಪ ಆರಿದರೆ ಮಾತ್ರ ದೇಹ ಕುಸಿಯುತ್ತಿತ್ತು. ನಾವು ಮಾತನಾಡುತ್ತ ಮೆಟ್ಟಲು ಹತ್ತುತ್ತೇವೆ. ಅವರಿಗೆ ಒಂದೊಂದು ಹೆಜ್ಜೆಯೂ ಗಣಿತದ ಲೆಕ್ಕದಂತೆ ಮನಸ್ಸಿಟ್ಟು ಮಾಡುವ ಕೆಲಸವಾಯಿತು.

ಅಭ್ಯಾಸದ ಫಲ

ನೆಟ್ಟಗೆ ನಿಲ್ಲಲು ನಮಗೆ ಮೂರು ಸಾಧನಗಳುಂಟು: ಕಣ್ಣು, ಒಳಗಿವಿಯ ಸಮತೋಲದ ಅಂಗ, ಮತ್ತು ಸ್ವಾಂಗಜ್ಞಾನ. ವಯಸ್ಸಾದಂತೆ ಈ ಮೂರೂ ಮಂದವಾಗುತ್ತವೆ. ದೀರ್ಘಕಾಲದ ಸಿಹಿಮೂತ್ರರೋಗವು ಪಾದಗಳ ನರಗಳನ್ನು ಕೆಡಿಸಿ, ನೆಲದ ಅರಿವನ್ನು ಇನ್ನಷ್ಟು ಕುಂದಿಸುವುದುಂಟು. ಮುದುಕರು ನಸುಗತ್ತಲಿನಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೆ ಜಾರುವ ನೆಲವೊಂದೇ ಕಾರಣವಲ್ಲ. ಕತ್ತಲು ಅವರಿಗೆ ಉಳಿದಿದ್ದ ಕಣ್ಣಿನ ಆಸರೆಯನ್ನೂ ಕಿತ್ತುಕೊಳ್ಳುತ್ತದೆ.

ಸಮತೋಲವು ಅಭ್ಯಾಸದಿಂದ ಸುಧಾರಿಸುತ್ತದೆ ಎಂಬುದು ಸಮಾಧಾನದ ಸಂಗತಿ. ಸ್ವಂತ ಮನೆಗಳಲ್ಲಿ ವಾಸಿಸುವ ವೃದ್ಧರನ್ನು ಕುರಿತ ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ವ್ಯಾಯಾಮವು ಬೀಳುವ ಪ್ರಸಂಗಗಳನ್ನು ನೂರಕ್ಕೆ ಸುಮಾರು 23ರಷ್ಟು ಕಡಮೆ ಮಾಡುತ್ತದೆ. ಸಮತೋಲದ ಅಭ್ಯಾಸವು ಇದರ ಮುಖ್ಯ ಅಂಗ.

ಆರಂಭಕ್ಕೆ ಸಲಕರಣೆ ಬೇಡ. ಗೋಡೆಯ ಪಕ್ಕದಲ್ಲಿ, ಕೈಗೆ ಆಸರೆ ಎಟಕುವಂತೆ, ಒಂಟಿಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿರಿ; ಬಳಿಕ ಕಾಲನ್ನು ಬದಲಿಸಿರಿ. ಪಾದವು ನೆಲವನ್ನು ಒತ್ತುವ ರೀತಿಯನ್ನೂ ಹರಡಿನ ಸಣ್ಣ ಅಲುಗಾಟಗಳನ್ನೂ ಗಮನಿಸಿರಿ. ವಯಸ್ಸಾದವರು ಕಣ್ಣು ಮುಚ್ಚಕೂಡದು. ಹಿಂದೆ ಬಿದ್ದವರೂ ತಲೆಸುತ್ತುಳ್ಳವರೂ ವೈದ್ಯರ ಸಲಹೆಯನ್ನು ಪಡೆದೇ ಮಾಡಬೇಕು. ಕಣ್ಣು ಮಂಜಾದರೆ ಕನ್ನಡಕವುಂಟು. ಸ್ವಾಂಗಜ್ಞಾನಕ್ಕೆ ಅಂಥ ಕನ್ನಡಕವಿಲ್ಲ. ಆದುದರಿಂದ ಅದು ಚುರುಕಾಗಿರುವಾಗಲೇ ಅದಕ್ಕೆ ದಿನವೂ ಸ್ವಲ್ಪ ಕೆಲಸ ಕೊಡುವುದು ಜಾಣತನ.