ಬೋನ್ಸಾಯ್‌ಗಾಗಿ ಕಾಡು ಜುನಿಪರ್ ಮರಗಳನ್ನು ಕೀಳುವ ಕ್ರಮ

ಮರವನ್ನು ಕುಂಡದಲ್ಲಿ ಕುಳ್ಳಾಗಿ ಬೆಳೆಸುವ ಕಲೆಗೆ ಬೋನ್ಸಾಯ್ ಎಂದು ಹೆಸರು. ಬೀಜದಿಂದ ಅಥವಾ ಕಡ್ಡಿಯಿಂದ ಬೆಳೆಸಿದ ಗಿಡಕ್ಕೆ ಮುದಿಮರದ ರೂಪ ಬರಲು ಹಲವು ದಶಕಗಳು ಬೇಕು. ಬೆಟ್ಟದ ಬಂಡೆಗಳ ನಡುವೆ ಗಾಳಿ, ಹಿಮ ಮತ್ತು ಬರದ ಹೊಡೆತಕ್ಕೆ ಸಿಕ್ಕಿ ತಾನಾಗಿಯೇ ಕುಳ್ಳಾಗಿ ಉಳಿದ ಮರಗಳಲ್ಲಿ ಈ ರೂಪ ಮೊದಲೇ ಇರುತ್ತದೆ. ಅಂತಹ ಮರಗಳನ್ನು ಬೇರುಸಹಿತ ಕಿತ್ತು ತರುವ ಪದ್ಧತಿ ಜಪಾನಿನಲ್ಲಿ ರೂಢಿಗೆ ಬಂತು. ಇದನ್ನು ಅಲ್ಲಿ 'ಯಮದೋರಿ' ಎನ್ನುತ್ತಾರೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿಯೂ ಈ ಕೆಲಸ ನಡೆಯುತ್ತಿದೆ. ಇದಕ್ಕೆ ಹೆಚ್ಚು ಬೇಡಿಕೆಯಿರುವ ಮರಗಳಲ್ಲಿ ಜುನಿಪರ್ ಮುಖ್ಯವಾದುದು.

ನೂರಾರು ವರ್ಷ ಬಾಳಿದ ಮರ ಒಂದು ದಿನದ ಅವಸರದಿಂದ ಸಾಯಬಹುದು. ಆದುದರಿಂದ ಯಾವ ಮರವನ್ನು ಕೀಳಬಾರದು ಎಂಬುದನ್ನು ಮೊದಲು ತಿಳಿಯಬೇಕು.

ಜಪಾನಿನ ಅನುಭವ

ಜಪಾನಿನಲ್ಲಿ 'ಶಿಂಪಾಕು' ಎಂಬ ಜುನಿಪರ್‌ಗೆ ಬಹಳ ಬೆಲೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಶಿಕೋಕು ದ್ವೀಪದ ಇಶಿಜುಚಿ ಬೆಟ್ಟದಿಂದಲೂ, ನೀಗಾಟ ಪ್ರಾಂತದ ಇತೊಇಗಾವ ಬಳಿಯ ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳಿಂದಲೂ ಇವನ್ನು ಕಿತ್ತು ತರಲಾಯಿತು. ಹಗ್ಗ ಕಟ್ಟಿಕೊಂಡು ಪ್ರಪಾತಕ್ಕೆ ಇಳಿದ ಕೆಲವರು ಪ್ರಾಣ ಕಳೆದುಕೊಂಡದ್ದೂ ಉಂಟು. ಕೆಲವೇ ದಶಕಗಳಲ್ಲಿ ಈ ಬೆಟ್ಟಗಳಲ್ಲಿ ಒಳ್ಳೆಯ ಮರಗಳು ಬಹುಮಟ್ಟಿಗೆ ಬರಿದಾದವು. ಇಂದು ಮಾರುಕಟ್ಟೆಗೆ ಬರುವ ಶಿಂಪಾಕು ಗಿಡಗಳಲ್ಲಿ ಹೆಚ್ಚಿನವು ಕಡ್ಡಿ ನೆಟ್ಟು ಬೆಳೆಸಿದವು. ಕಡ್ಡಿಯಿಂದ ಬಂದ ಗಿಡದಲ್ಲಿ ತಾಯಿಮರದ ಸೊಪ್ಪಿನ ಗುಣ ಹಾಗೆಯೇ ಉಳಿಯುತ್ತದೆ.

ಮರದ ಸ್ವಭಾವ

ಅಮೆರಿಕದ ರಾಕಿ ಪರ್ವತಗಳಲ್ಲಿ ಬೆಳೆಯುವ ಜುನಿಪರ್‌ನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದನ್ನು ಕೀಳುವವರು ಮೂರು ಸಂಗತಿಗಳನ್ನು ಅರಿತಿರಬೇಕು.

1. ಹಸಿರಿಲ್ಲದ ಹಳೆಯ ಕೊಂಬೆಯಿಂದ ಜುನಿಪರ್ ಚಿಗುರುವುದು ತೀರ ಅಪರೂಪ. ಕೊಂಬೆಯ ಸೊಪ್ಪನ್ನೆಲ್ಲ ಸವರಿದರೆ ಆ ಕೊಂಬೆ ಒಣಗುತ್ತದೆ.

2. ಮುದಿ ಮರದ ಕಾಂಡದಲ್ಲಿ ಬಹುಭಾಗ ಸತ್ತ ಕಟ್ಟಿಗೆಯಾಗಿದ್ದು, ತೊಗಟೆಯ ಒಂದೆರಡು ಪಟ್ಟಿಗಳು ಮಾತ್ರ ಜೀವಂತವಾಗಿರುತ್ತವೆ. ಒಂದೊಂದು ಪಟ್ಟಿಯೂ ನಿರ್ದಿಷ್ಟ ಬೇರಿನಿಂದ ನಿರ್ದಿಷ್ಟ ಕೊಂಬೆಗೆ ನೀರು ಒಯ್ಯುತ್ತದೆ. ಆ ಬೇರು ಕಡಿದರೆ ಅದಕ್ಕೆ ಸೇರಿದ ಪಟ್ಟಿಯೂ ಕೊಂಬೆಯೂ ಸಾಯುತ್ತವೆ.

3. ಬೇರು ಸತ್ತ ಮೇಲೂ ಸೊಪ್ಪು ಹಲವು ವಾರಗಳವರೆಗೆ ಹಸಿರಾಗಿ ಕಾಣುತ್ತದೆ. ಹಸಿರಿದೆ ಎಂದ ಮಾತ್ರಕ್ಕೆ ಮರ ಹಿಡಿದುಕೊಂಡಿದೆ ಎಂದು ತಿಳಿಯಬಾರದು. ಹೊಸ ಚಿಗುರು ಸತತವಾಗಿ ಬೆಳೆಯುವುದೇ ನಂಬತಕ್ಕ ಗುರುತು.

ಅನುಮತಿ ಮತ್ತು ಆಯ್ಕೆ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಮರ ಕೀಳುವಂತಿಲ್ಲ. ಇತರ ಸರ್ಕಾರಿ ಅರಣ್ಯಗಳಲ್ಲಿ ಅವಕಾಶವಿರುವ ಕಡೆ ಮುಂಗಡವಾಗಿ ಪರವಾನಗಿ ಪಡೆಯಬೇಕು. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು.

ಮರವನ್ನು ಆರಿಸಿದ ಮೇಲೆ ಬುಡದ ಸುತ್ತ ಕೈಯಿಂದ ಮಣ್ಣು ಸರಿಸಿ ಬೇರುಗಳನ್ನು ನೋಡಬೇಕು. ಚಪ್ಪಟೆ ಬಂಡೆಯ ಮೇಲೆ ನಿಂತ ತೆಳುವಾದ ಮಣ್ಣಿನಲ್ಲಿ ಬೇರುಗಳು ಚಾಪೆಯಂತೆ ಹೆಣೆದುಕೊಂಡಿದ್ದರೆ ಅಂತಹ ಮರ ಕೀಳಲು ಯೋಗ್ಯ. ಕಾಂಡವನ್ನು ಮೆಲ್ಲನೆ ಅಲುಗಿಸಿದರೆ ಬೇರಿನ ಚಾಪೆಯೂ ಜೊತೆಗೆ ಅಲುಗುತ್ತದೆ. ಒಂದೇ ದಪ್ಪ ಬೇರು ಬಂಡೆಯ ಬಿರುಕಿನೊಳಗೆ ಆಳಕ್ಕೆ ಇಳಿದಿದ್ದು, ಬುಡದ ಹತ್ತಿರ ಎಳೆಬೇರುಗಳು ಇಲ್ಲದಿದ್ದರೆ ಆ ಮರವನ್ನು ಹಾಗೆಯೇ ಬಿಡಬೇಕು. ಅದರ ಕಾಂಡ ಎಷ್ಟೇ ಸುಂದರವಾಗಿದ್ದರೂ ಕಿತ್ತರೆ ಅದು ಉಳಿಯುವ ಸಂಭವ ಕಡಿಮೆ.

ಕೀಳುವ ಕಾಲ ಮತ್ತು ವಿಧಾನ

ಹಿಮ ಕರಗಿ ಚಿಗುರು ಒಡೆಯುವ ಮುನ್ನ, ವಸಂತದ ಆರಂಭದಲ್ಲಿ ಕೀಳುವುದು ಸೂಕ್ತ. ಬಿರುಬೇಸಿಗೆಯಲ್ಲಿ ಕೀಳಬಾರದು. ಹಾರೆ, ಪಿಕಾಸಿ, ಗರಗಸ, ಹರಿತವಾದ ಕತ್ತರಿ, ಗೋಣಿತಾಟು, ಹಗ್ಗ ಮತ್ತು ಸಾಕಷ್ಟು ನೀರು ಜೊತೆಗಿರಬೇಕು.

ಬುಡದಿಂದ ಸ್ವಲ್ಪ ದೂರದಲ್ಲಿ ಸುತ್ತಲೂ ಅಗೆದು, ಎಳೆಬೇರುಗಳನ್ನು ಆದಷ್ಟೂ ಉಳಿಸಿಕೊಳ್ಳಬೇಕು. ದಪ್ಪ ಬೇರುಗಳನ್ನು ಜಗ್ಗಿ ಹರಿಯದೆ ಗರಗಸದಿಂದ ನುಣುಪಾಗಿ ಕತ್ತರಿಸಬೇಕು. ಮಣ್ಣಿನ ಹೆಂಟೆ ಒಡೆಯದಂತೆ ಒದ್ದೆ ಗೋಣಿತಾಟಿನಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿ ಸಾಗಿಸಬೇಕು. ಬೇರು ಗಾಳಿಗೆ ಒಣಗಬಾರದು. ಅಗೆದ ಗುಂಡಿಯನ್ನು ಮುಚ್ಚಿ ಬರುವುದು ಕರ್ತವ್ಯ.

ಎಳೆಬೇರು ಕಡಿಮೆ ಇದೆ ಎಂಬ ಸಂಶಯವಿದ್ದರೆ ಮೊದಲ ವರ್ಷ ಒಂದು ಪಕ್ಕದಲ್ಲಿ ಮಾತ್ರ ಬೇರು ಕತ್ತರಿಸಿ ಸಡಿಲವಾದ ಮಣ್ಣು ತುಂಬಿ ಬರಬೇಕು. ಅಲ್ಲಿ ಹೊಸ ಬೇರು ಬಂದ ಮೇಲೆ, ಮುಂದಿನ ವರ್ಷ ಅಥವಾ ಅನಂತರ ಉಳಿದುದನ್ನು ಕಿತ್ತು ತರಬಹುದು.

ಅನಂತರದ ಆರೈಕೆ

ಬೇರಿನ ಹೆಂಟೆಗಿಂತ ಸ್ವಲ್ಪ ದೊಡ್ಡದಾದ, ತಳದಲ್ಲಿ ತೂತುಗಳಿರುವ ಮರದ ಪೆಟ್ಟಿಗೆಯಲ್ಲಿ ನೆಡಬೇಕು. ನೀರು ಬೇಗ ಬಸಿದುಹೋಗುವಂತೆ ಜ್ವಾಲಾಮುಖಿಯ ಹಗುರ ಕಲ್ಲಿನ ಹರಳುಗಳನ್ನು ತುಂಬುವುದು ವಾಡಿಕೆ. ಮೂಲ ಮಣ್ಣನ್ನು ಒಂದೇ ಸಲ ಪೂರ್ತಿ ತೊಳೆಯಬಾರದು. ಮರ ಅಲುಗಾಡಿದರೆ ಹೊಸ ಎಳೆಬೇರುಗಳು ಹರಿಯುತ್ತವೆ. ಆದುದರಿಂದ ಕಾಂಡವನ್ನು ಪೆಟ್ಟಿಗೆಗೆ ತಂತಿಯಿಂದ ಭದ್ರವಾಗಿ ಕಟ್ಟಬೇಕು. ಗಾಳಿಯ ಹೊಡೆತವಿಲ್ಲದ ಕಡೆ ಇಟ್ಟು, ಸೊಪ್ಪಿನ ಮೇಲೆ ಆಗಾಗ ನೀರು ಸಿಂಪಡಿಸಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಚಿಗುರು ಚೆನ್ನಾಗಿ ಬರುವವರೆಗೆ ಗೊಬ್ಬರ ಕೊಡಬಾರದು. ಕನಿಷ್ಠ ಒಂದೆರಡು ವರ್ಷ ಕೊಂಬೆ ಸವರುವುದು, ತಂತಿ ಸುತ್ತಿ ಬಾಗಿಸುವುದು ಬೇಡ. ಹೊಸ ಬೇರು ಬೆಳೆಯಲು ಆಹಾರ ಒದಗಿಸುವುದು ಆ ಸೊಪ್ಪೇ.

ಸೇಬು ಬೆಳೆಯುವ ಪ್ರದೇಶದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ ಸೇಬಿಗೆ ತಗಲುವ ಒಂದು ತುಕ್ಕು ರೋಗದ ಶಿಲೀಂಧ್ರ ತನ್ನ ಜೀವನದ ಒಂದು ಭಾಗವನ್ನು ಜುನಿಪರ್ ಮೇಲೂ, ಇನ್ನೊಂದು ಭಾಗವನ್ನು ಸೇಬಿನ ಮೇಲೂ ಕಳೆಯುತ್ತದೆ. ಆದುದರಿಂದ ಕಿತ್ತು ತಂದ ಜುನಿಪರ್‌ನ್ನು ಸೇಬಿನ ತೋಟದ ಹತ್ತಿರ ಇಡದಿರುವುದು ಲೇಸು.

ಕರ್ನಾಟಕದ ರೈತರಿಗೆ

ಭಾರತದಲ್ಲಿ ಜುನಿಪರ್‌ನ ನೆಲೆ ಹಿಮಾಲಯ; ಕರ್ನಾಟಕದ ಕಾಡುಗಳಲ್ಲಿ ಅದು ತಾನಾಗಿ ಬೆಳೆಯುವುದಿಲ್ಲ. ಆದರೆ ಇಲ್ಲಿನ ಹಳೆಯ ಬಾವಿಯ ಕಟ್ಟೆ, ಪಾಳುಗೋಡೆಗಳಲ್ಲಿ ಆಲ, ಅರಳಿ, ಬಸರಿ ಗಿಡಗಳು ಕುಳ್ಳಾಗಿ ಬೆಳೆದಿರುತ್ತವೆ. ಗೋಡೆ ಬಿರಿಯುತ್ತದೆಂದು ರೈತರು ಇವನ್ನು ಕಡಿದು ಎಸೆಯುವುದು ಸಾಮಾನ್ಯ. ಮುಂಗಾರಿನ ಆರಂಭದಲ್ಲಿ ಬೇರುಸಹಿತ ಬಿಡಿಸಿದರೆ ಇವು ಬೋನ್ಸಾಯ್‌ಗೆ ಒದಗುತ್ತವೆ. ಜುನಿಪರ್‌ನಂತಲ್ಲದೆ ಇವು ಬೋಳು ಕಾಂಡದಿಂದಲೂ ಚಿಗುರುತ್ತವೆ. ಆದುದರಿಂದ ಎಲೆ, ಕೊಂಬೆಗಳನ್ನು ಸವರಿ ನೆಡಬಹುದು. ಅರಣ್ಯ ಪ್ರದೇಶದಲ್ಲಿ ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಗಿಡವನ್ನೂ ಕೀಳಬಾರದು.

ಮಾರಾಟಕ್ಕಾಗಿ ಬೋನ್ಸಾಯ್ ಬೆಳೆಸಲು ಇಚ್ಛಿಸುವವರು ಕಿತ್ತು ತಂದ ಗಿಡಗಳನ್ನೇ ನೆಚ್ಚಿಕೊಳ್ಳದೆ, ಪ್ರತಿ ವರ್ಷ ಕೆಲವು ಕಡ್ಡಿಗಳನ್ನು ನೆಟ್ಟು ಬೆಳೆಸುತ್ತಾ ಬಂದರೆ ಮುಂದೆ ಗಿಡಗಳ ಕೊರತೆಯಾಗುವುದಿಲ್ಲ.