ಕೃತಕ ಕೀಲುಗಳ ಪ್ಲಾಸ್ಟಿಕ್: ಕ್ರಿಮಿಶುದ್ಧಿ, ಕಾಲಾವಧಿ ಮತ್ತು ದಾಸ್ತಾನಿನ ಮೌಲ್ಯ

ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಕೊಡವು ಕಾಲಕ್ರಮದಲ್ಲಿ ಬಣ್ಣಗೆಟ್ಟು ಸುಲಭವಾಗಿ ಒಡೆಯುವುದನ್ನು ಕಮತಗಿ, ಹುನಗುಂದ ಭಾಗದವರು ಕಂಡೇ ಇದ್ದಾರೆ. ಇಂತಹ ಕ್ಷಯವು ಮೊಹರು ಮಾಡಿದ ಪೊಟ್ಟಣದೊಳಗೂ ನಡೆಯಬಲ್ಲದು ಎಂಬುದನ್ನು ವೈದ್ಯಕೀಯ ಸಾಧನಗಳ ವರ್ತಕರು ಅರಿತಿರಬೇಕು.

ಕೃತಕ ಮೊಣಕಾಲು ಹಾಗೂ ಸೊಂಟದ ಕೀಲುಗಳಲ್ಲಿ ಅತ್ಯಧಿಕ ಅಣುತೂಕದ ಪಾಲಿಥೀನ್ ಬಳಕೆಯಾಗುತ್ತದೆ. ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1962ರಲ್ಲಿ ಇದನ್ನು ಸೊಂಟದ ಕೀಲಿಗೆ ಬಳಸಿದರು. ಇದು ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, 121 ಡಿಗ್ರಿಯ ಹಬೆಯಲ್ಲಿ ಶುದ್ಧಗೊಳಿಸಿದರೆ ಆಕಾರ ಕೆಡುವ ಸಂಭವವಿದೆ. ಆದ್ದರಿಂದ ಕೋಬಾಲ್ಟ್-60ರ ಗಾಮಾ ವಿಕಿರಣ ರೂಢಿಗೆ ಬಂದಿತು. ವಾಡಿಕೆಯ ಪ್ರಮಾಣ 25 ಕಿಲೋಗ್ರೇ. ಭಾರತದಲ್ಲಿ ಈ ಸೇವೆ ನೀಡುವ ಐಸೋಮೆಡ್ ಘಟಕವು ಟ್ರಾಂಬೆಯಲ್ಲಿ 1974ರಲ್ಲಿ ಆರಂಭವಾಯಿತು.

ಗಾಮಾ ಕಿರಣವು ಕ್ರಿಮಿಗಳನ್ನು ಕೊಲ್ಲುವುದರೊಂದಿಗೆ ಪ್ಲಾಸ್ಟಿಕ್‌ನ ಅಣುಸರಪಳಿಗಳನ್ನೂ ಕಡಿಯುತ್ತದೆ. ಕಡಿದ ತುದಿಗಳು ಗಾಳಿಯ ಆಮ್ಲಜನಕದೊಡನೆ ವರ್ಷಗಟ್ಟಲೆ ವರ್ತಿಸಿ ವಸ್ತುವನ್ನು ಪೆಡಸಾಗಿಸುತ್ತವೆ. ಹೀಗೆ ಕಪಾಟಿನಲ್ಲೇ ಮುಪ್ಪಾದ ಭಾಗವು ದೇಹದಲ್ಲಿ ಬೇಗ ಸವೆಯುತ್ತದೆ. ಈ ಕಾರಣದಿಂದ 1990ರ ದಶಕದಲ್ಲಿ ತಯಾರಕರು ಗಾಳಿ ತುಂಬಿದ ಪೊಟ್ಟಣ ಬಿಟ್ಟು ನಿರ್ವಾತ ಅಥವಾ ಸಾರಜನಕದ ಪೊಟ್ಟಣಗಳಿಗೆ ಹೊರಳಿದರು. ಎಥಿಲೀನ್ ಆಕ್ಸೈಡ್ ಅನಿಲವು ಸರಪಳಿಗಳನ್ನು ಕಡಿಯುವುದಿಲ್ಲ; ಆದರೆ ಉಳಿದ ವಿಷಾನಿಲವನ್ನು ಪೂರ್ಣ ಹೊರಹಾಕಬೇಕಾಗುತ್ತದೆ.

2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳು, 2017ರಂತೆ ಬಾಳಿಕೆಯ ಅವಧಿ ಸಾಮಾನ್ಯವಾಗಿ 60 ತಿಂಗಳನ್ನು ಮೀರುವಂತಿಲ್ಲ. ಆದ್ದರಿಂದ ವರ್ತಕರು ಗಮನಿಸಬೇಕಾದ ಅಂಶಗಳು:

1. ಮೊದಲು ಬಂದ ಸರಕಿಗಿಂತ ಮೊದಲು ಅವಧಿ ಮುಗಿಯುವ ಸರಕು ಮೊದಲು ಹೊರಡಬೇಕು. ಆಸ್ಪತ್ರೆಯ ಕಪಾಟಿನಲ್ಲಿಟ್ಟ, ಇನ್ನೂ ಮಾರಾಟವಾಗದ ಸರಕೂ ವರ್ತಕರ ದಾಸ್ತಾನೇ. ಅದರ ದಿನಾಂಕವನ್ನೂ ಪರಿಶೀಲಿಸಬೇಕು.

2. ಲೆಕ್ಕಪತ್ರ ಮಾನದಂಡ 2ರಂತೆ ದಾಸ್ತಾನಿಗೆ ಖರೀದಿ ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯಗಳಲ್ಲಿ ಕಡಿಮೆಯಾದುದನ್ನು ಹಿಡಿಯಬೇಕು. ಅವಧಿ ಮೀರಿ ಮಾರುವಂತಿಲ್ಲದ ಕೀಲನ್ನು ಖರೀದಿ ಬೆಲೆಯಲ್ಲೇ ತೋರಿಸಿದರೆ ಇಲ್ಲದ ಲಾಭ ತೋರಿಸಿದಂತಾಗುತ್ತದೆ.

3. ನಾಶಪಡಿಸಿದ ಅಥವಾ ಲೆಕ್ಕದಿಂದ ತೆಗೆದ ಸರಕಿನ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)ರಂತೆ ಹಿಂತಿರುಗಿಸಬೇಕು.

4. ಅವಧಿ ಮೀರಿದುದನ್ನು ಮತ್ತೆ ಶುದ್ಧೀಕರಿಸಿ ಮಾರುವ ಯೋಚನೆ ಸಲ್ಲದು. ಮರುಶುದ್ಧಿಯಿಂದ ಕ್ರಿಮಿ ಸಾಯಬಹುದು, ಮುಪ್ಪು ಹಿಂದಿರುಗದು. ಮತ್ತೆ ಗಾಮಾ ಹಾಯಿಸಿದರೆ ಸರಪಳಿಗಳು ಇನ್ನಷ್ಟು ಕಡಿಯುತ್ತವೆ.

ಮಗ್ಗದಲ್ಲಿ ದುಡಿದು ಮೊಣಕಾಲು ಸವೆಸಿಕೊಂಡ ನೇಕಾರ ಪೊಟ್ಟಣದ ಮೇಲಿನ ದಿನಾಂಕವನ್ನು ಓದಲಾರ. ಅವನ ಪರವಾಗಿ ಅದನ್ನು ಓದುವ ಹೊಣೆ ವರ್ತಕರದೂ ಆಗಿದೆ.