ಗಡಿಯಿಂದ ಹಿಂದಿರುಗಿದವರು ಮತ್ತೆ ತುರ್ತಾಗಿ ಹೋಗಬೇಕಾದಾಗ

ಕರಾವಳಿಯ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಹೊರದೇಶದಲ್ಲಿ ಮಗನೋ ಮಗಳೋ ಇರುವ ಮನೆಗಳು ಬಹಳ. ಸುಖದ ದಿನಗಳಲ್ಲಿ ಈ ದೂರ ಅಷ್ಟಾಗಿ ಕಾಡುವುದಿಲ್ಲ. ಆದರೆ ಮಗಳು ಅಪಘಾತಕ್ಕೀಡಾಗಿ ತೀವ್ರ ನಿಗಾ ಘಟಕದಲ್ಲಿದ್ದಾಳೆಂದು ನಡುರಾತ್ರಿ ಸುದ್ದಿ ಬಂದರೆ ಮನೆಯವರೆಲ್ಲರ ಬಾಯಲ್ಲಿ ಒಂದೇ ಮಾತು: ಯಾರಾದರೂ ಕೂಡಲೇ ಹೋಗಬೇಕು. ಹಾಗೆ ಹೋಗಬೇಕಾದವರು ಹಿಂದೊಮ್ಮೆ ಅದೇ ದೇಶದ ವಿಮಾನ ನಿಲ್ದಾಣದಿಂದ ಹಿಂದಕ್ಕೆ ಕಳುಹಿಸಲ್ಪಟ್ಟವರಾಗಿದ್ದರೆ? ಆಗ ನೆರೆಹೊರೆಯಿಂದ ಸಲಹೆಗಳು ಬರುತ್ತವೆ: "ಹಳೆಯದನ್ನು ಅರ್ಜಿಯಲ್ಲಿ ಬರೆಯಬೇಡಿ. ಪಾಸ್‌ಪೋರ್ಟ್ ಹೊಸದಲ್ಲವೇ? ಅವರಿಗೆ ಹೇಗೆ ಗೊತ್ತಾಗುತ್ತದೆ?"

ಪ್ರೀತಿಯಿಂದಲೇ ಹೇಳಿದ ಮಾತಾದರೂ ಇದು ದೊಡ್ಡ ಕೆಡುಕಿನ ಮಾತು. ಏಕೆಂಬುದನ್ನು ಅಮೆರಿಕದ ಉದಾಹರಣೆಯಿಂದ ತಿಳಿದುಕೊಳ್ಳೋಣ.

ವೀಸಾ ಬೇರೆ, ಪ್ರವೇಶ ಬೇರೆ

ವೀಸಾ ಎಂದರೆ ಆ ದೇಶದ ಬಾಗಿಲವರೆಗೆ ಹೋಗಿ, ಒಳಗೆ ಬಿಡಿರೆಂದು ಕೇಳಲು ಸಿಗುವ ಅನುಮತಿ. ಬಿಡುವುದೋ ಬೇಡವೋ ಎಂದು ತೀರ್ಮಾನಿಸುವವರು ವಿಮಾನ ನಿಲ್ದಾಣದ ಗಡಿ ಅಧಿಕಾರಿಗಳು. ಪ್ರವಾಸಿ ವೀಸಾದಲ್ಲಿ ಬಂದವರು ಕೆಲಸಕ್ಕೆ ಸೇರುವ ಉದ್ದೇಶದವರೆಂದು ಅವರಿಗೆ ಕಂಡರೆ, ಅಥವಾ ಹಿಂದಿನ ಸಲ ಅವಧಿ ಮೀರಿ ಉಳಿದಿದ್ದರೆಂದು ತಿಳಿದರೆ, ಹಿಂದಕ್ಕೆ ಕಳುಹಿಸಬಹುದು.

ಹೀಗೆ ಹಿಂದಿರುಗಿದವರೆಲ್ಲರ ಸ್ಥಿತಿ ಒಂದೇ ಅಲ್ಲ. ಮೂರು ಬಗೆಗಳನ್ನು ಬೇರ್ಪಡಿಸಿ ನೋಡಬೇಕು.

ಒಂದು: ಅಧಿಕಾರಿಯ ಒಪ್ಪಿಗೆಯಿಂದ ಪ್ರವೇಶದ ಕೋರಿಕೆಯನ್ನು ತಾವೇ ಹಿಂದೆಗೆದುಕೊಂಡು ಮರಳಿದವರು. ಇವರ ವೀಸಾವನ್ನು ಸಾಮಾನ್ಯವಾಗಿ ರದ್ದು ಮಾಡುತ್ತಾರೆ. ಆದರೆ ಇಷ್ಟು ವರ್ಷ ಬರಬಾರದೆಂಬ ನಿಷೇಧ ಅದರಿಂದಲೇ ಹುಟ್ಟುವುದಿಲ್ಲ. ಇವರಿಗೆ ಸಿಗುವ ಕಾಗದ ಐ-275.

ಎರಡು: ತ್ವರಿತ ಹೊರಹಾಕುವಿಕೆಯ ಆದೇಶಕ್ಕೆ ಒಳಗಾದವರು. 1996ರ ಕಾನೂನಿನಿಂದ ಬಂದು 1997ರ ಏಪ್ರಿಲ್‌ನಲ್ಲಿ ಜಾರಿಯಾದ ಕ್ರಮವಿದು. ಇದರಿಂದ 5 ವರ್ಷಗಳ ನಿಷೇಧ. ಎರಡನೆಯ ಸಲವಾದರೆ 20 ವರ್ಷ. ಕಾಗದ ಐ-860.

ಮೂರು: ಸುಳ್ಳು ದಾಖಲೆ ಕೊಟ್ಟರು ಅಥವಾ ತಿಳಿದೂ ಸುಳ್ಳು ಹೇಳಿದರು ಎಂದು ನಿರ್ಣಯವಾದವರು. ಇವರಿಗೆ ಜೀವನಪೂರ್ತಿ ನಿಷೇಧ. ವಿನಾಯಿತಿ ಸಿಕ್ಕಿದರೆ ಮಾತ್ರ ಪ್ರವೇಶ.

ಆದ್ದರಿಂದ ಆ ದಿನ ಕೈಗೆ ಕೊಟ್ಟ ಕಾಗದವನ್ನು ನಾಚಿಕೆಯಿಂದ ಹರಿದು ಹಾಕಬಾರದು. ಕಳೆದುಹೋಗಿದ್ದರೆ, ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯಿದೆಯ ಪ್ರಕಾರ ಗಡಿ ಇಲಾಖೆಯಿಂದ ತಮ್ಮ ದಾಖಲೆಯ ಪ್ರತಿಯನ್ನು ಕೇಳಿ ಪಡೆಯಬಹುದು. ಅದಕ್ಕೆ ಸಮಯ ಹಿಡಿಯುತ್ತದೆ. ಮದುಮಗ ಬರುತ್ತಿದ್ದಾನೆಂಬ ಕೂಗು ಕೇಳಿದ ಮೇಲೆ ಎಣ್ಣೆ ಕೊಳ್ಳಲು ಓಡಿದ ಕನ್ಯೆಯರ ಸಾಮತಿ ನಮಗೆಲ್ಲ ಗೊತ್ತಿದೆ. ಮನೆಯಲ್ಲಿ ಇಂಥ ಇತಿಹಾಸವಿದ್ದರೆ ಜರೂರು ಬರುವ ಮೊದಲೇ ದಾಖಲೆ ತರಿಸಿಡುವುದು ವಿವೇಕ.

ಮರೆತರೂ ಮರೆಯದ ದಾಖಲೆ

"ಅವರಿಗೆ ಹೇಗೆ ಗೊತ್ತಾಗುತ್ತದೆ?" ಎಂಬ ಪ್ರಶ್ನೆಗೆ ಉತ್ತರ ನಮ್ಮ ಬೆರಳ ತುದಿಯಲ್ಲೇ ಇದೆ. 2004ರ ಜನವರಿಯಿಂದ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ವಿದೇಶಿಯರ ಬೆರಳಚ್ಚು ಪಡೆಯುವ ವ್ಯವಸ್ಥೆ ಆರಂಭವಾಯಿತು. ವೀಸಾ ಅರ್ಜಿದಾರರ ಬೆರಳಚ್ಚನ್ನೂ ಪಡೆಯುತ್ತಾರೆ. ಪಾಸ್‌ಪೋರ್ಟ್ ಬದಲಾದರೂ, ಡಿಸೋಜ ಎಂಬುದರ ಅಕ್ಷರಜೋಡಣೆ ಬದಲಾದರೂ ಬೆರಳು ಬದಲಾಗುವುದಿಲ್ಲ.

ಇದು ಅಮೆರಿಕದಲ್ಲಿ ಮಾತ್ರವಲ್ಲ. ಗಡೀಪಾರಾದವರು ಬೇರೆ ಪಾಸ್‌ಪೋರ್ಟಿನಲ್ಲಿ ಮರಳುವುದನ್ನು ತಡೆಯಲು ಯುಎಇ 2000ರ ದಶಕದ ಆರಂಭದಿಂದಲೇ ಕಣ್ಣಿನ ಪಾಪೆಯ ಗುರುತನ್ನು ಬಳಸಿದೆ. ಕೆನಡಾದ ಅರ್ಜಿಯು ಯಾವುದೇ ದೇಶದಲ್ಲಿ ವೀಸಾ ಅಥವಾ ಪ್ರವೇಶ ನಿರಾಕರಣೆಯಾಗಿದೆಯೇ ಎಂದು ಕೇಳುತ್ತದೆ. ಸುಳ್ಳು ಹೇಳಿದ್ದು ಸಾಬೀತಾದರೆ ಅಲ್ಲಿ 5 ವರ್ಷ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಅರ್ಜಿಯಲ್ಲಿನ ವಂಚನೆಗೆ 10 ವರ್ಷಗಳವರೆಗೆ ನಿಷೇಧವಾಗಬಹುದು.

ಜಾಣತನದ ಸುಳ್ಳು

ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160ರಲ್ಲಿ ಒಂದು ಪ್ರಶ್ನೆಯಿದೆ. ವೀಸಾ ನಿರಾಕರಣೆ, ಪ್ರವೇಶ ನಿರಾಕರಣೆ, ಗಡಿಯಲ್ಲಿ ಕೋರಿಕೆಯನ್ನು ಹಿಂದೆಗೆದುಕೊಂಡದ್ದು, ಈ ಮೂರನ್ನೂ ಅದು ಒಟ್ಟಿಗೇ ಕೇಳುತ್ತದೆ. "ನನ್ನನ್ನು ಯಾರೂ ನಿರಾಕರಿಸಲಿಲ್ಲ, ನಾನೇ ಹಿಂದೆ ಬಂದೆ" ಎಂದು ಮನಸ್ಸಿನಲ್ಲಿ ಹೇಳಿಕೊಂಡು "ಇಲ್ಲ" ಎಂದು ಗುರುತು ಹಾಕಲು ಅಲ್ಲಿ ಎಡೆಯಿಲ್ಲ.

ಮನಸ್ಸಿನಲ್ಲಿ ಅರ್ಧ ಮಾತನ್ನು ಉಳಿಸಿಕೊಂಡು ಕೇಳುವವರನ್ನು ದಾರಿ ತಪ್ಪಿಸುವ ಈ ಉಪಾಯ ಹೊಸದೇನಲ್ಲ. ಹೀಗೆ ಮಾಡಿದರೆ ಸುಳ್ಳಾಗುವುದಿಲ್ಲವೆಂದು ಹಿಂದೆ ಕೆಲವು ನೀತಿಶಾಸ್ತ್ರಜ್ಞರು ವಾದಿಸಿದ್ದರು. ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು 1679ರಲ್ಲಿ ಆ ವಾದವನ್ನು ಖಂಡಿಸಿದರು. ಕೇಳಲು ಹಕ್ಕಿಲ್ಲದವರ ಮುಂದೆ ಮೌನವಾಗಿರುವುದು ತಪ್ಪಲ್ಲ. ನೆರೆಯವರಿಗೆ ನಮ್ಮ ಹಳೆಯ ಕಥೆಯನ್ನೆಲ್ಲ ಹೇಳಬೇಕಾಗಿಲ್ಲ. ಆದರೆ ತನ್ನ ಬಾಗಿಲು ಕಾಯುವ ದೇಶಕ್ಕೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಎಂಟನೆಯ ಆಜ್ಞೆ ಅವಸರದ ದಿನಕ್ಕೂ ಅನ್ವಯಿಸುತ್ತದೆ.

"ಏಜೆಂಟರು ತುಂಬಿದರು, ನನಗೆ ಗೊತ್ತಿಲ್ಲ" ಎಂಬ ಮಾತೂ ನಿಲ್ಲುವುದಿಲ್ಲ. ಬೇರೆಯವರು ಸಹಾಯ ಮಾಡಬಹುದು. ಆದರೆ ಸಹಿ ಅರ್ಜಿದಾರರದೇ, ಹೊಣೆಯೂ ಅವರದೇ. ಸಹಿಗೆ ಮುನ್ನ ಪ್ರತಿಯೊಂದು ಉತ್ತರವನ್ನೂ ಓದಿಸಿ ಕೇಳಿಕೊಳ್ಳಿ. ತಪ್ಪು ಉತ್ತರ ಹೋಗಿಬಿಟ್ಟಿದ್ದರೆ, ಸಂದರ್ಶನದಲ್ಲಿ ಅಧಿಕಾರಿ ಹಿಡಿಯುವ ಮೊದಲೇ ತಾನಾಗಿ ತಿದ್ದಿ ಹೇಳಬೇಕು. ಸಕಾಲದಲ್ಲಿ ಹೀಗೆ ತಿದ್ದಿಕೊಂಡವರಿಗೆ ಕಾನೂನಿನಲ್ಲೂ ಅವಕಾಶವಿದೆ. ಪಾಪನಿವೇದನೆಯ ಅಭ್ಯಾಸವುಳ್ಳ ನಮಗೆ ಇದು ಅಪರಿಚಿತ ದಾರಿಯೇನಲ್ಲ.

ಅವಸರದಲ್ಲಿ ಮಾಡಬೇಕಾದದ್ದು

1. ಅರ್ಜಿ ತುಂಬಿ, ಶುಲ್ಕ ಕಟ್ಟಿ, ಮೊದಲು ಸಿಗುವ ಸಾಮಾನ್ಯ ದಿನಾಂಕವನ್ನು ಕಾದಿರಿಸಿ. ಅನಂತರವೇ ತುರ್ತು ಸಂದರ್ಶನಕ್ಕೆ ಕೋರಿಕೆ ಸಲ್ಲಿಸಬೇಕು. ತೀರಾ ಹತ್ತಿರದ ಬಂಧುವಿನ ಗಂಭೀರ ಕಾಯಿಲೆ, ಮರಣ ಇವು ಇಂಥ ಕೋರಿಕೆಗೆ ತಕ್ಕ ಕಾರಣಗಳು.

2. ಆಸ್ಪತ್ರೆಯ ವೈದ್ಯರಿಂದ ಪತ್ರ ತರಿಸಿ. ರೋಗಿಯ ಹೆಸರು, ಸ್ಥಿತಿ, ಬಂಧುತ್ವ, ಸಂಪರ್ಕ ಸಂಖ್ಯೆ ಅದರಲ್ಲಿರಲಿ. ಬಂಧುತ್ವಕ್ಕೆ ಜನನ ಅಥವಾ ವಿವಾಹ ಪ್ರಮಾಣಪತ್ರ ಜೊತೆಗಿರಲಿ.

3. ಹಳೆಯ ಘಟನೆಯನ್ನು ಒಂದೇ ಪುಟದಲ್ಲಿ ಬರೆಯಿರಿ: ಯಾವ ದಿನ, ಯಾವ ವಿಮಾನ ನಿಲ್ದಾಣ, ಏನು ಕಾರಣ ಹೇಳಿದರು, ಯಾವ ಕಾಗದ ಕೊಟ್ಟರು, ಅಂದಿನಿಂದ ಬದುಕಿನಲ್ಲಿ ಏನು ಬದಲಾಗಿದೆ. ಅಳಲು, ಆರೋಪ ಬೇಡ.

4. ಮರಳಿ ಬರುವಿರೆಂಬುದಕ್ಕೆ ಆಧಾರ ಇಟ್ಟುಕೊಳ್ಳಿ: ನೌಕರಿಯ ರಜಾ ಪತ್ರ, ಮನೆ, ಜಮೀನು, ಇಲ್ಲಿರುವ ಕುಟುಂಬ. ಸಂದರ್ಶಕ ವೀಸಾ ಕೇಳುವವರು ನೆಲೆಸಲು ಬರುವವರೆಂದೇ ಆ ದೇಶದ ಕಾನೂನು ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊರೆ ಅರ್ಜಿದಾರರ ಮೇಲಿದೆ.

5. ವೀಸಾ ಕೈಗೆ ಬರುವ ಮೊದಲು ಹಣ ಮರಳಿ ಬಾರದ ಟಿಕೆಟ್ ಕೊಳ್ಳಬೇಡಿ.

ತುರ್ತು ಸಂದರ್ಶನದಿಂದ ದಿನಾಂಕ ಮಾತ್ರ ಬೇಗ ಸಿಗುತ್ತದೆ, ತೀರ್ಪು ಸುಲಭವಾಗುವುದಿಲ್ಲ. ನಿಷೇಧದ ಅವಧಿ ಮುಗಿಯದವರಿಗೆ ವಿನಾಯಿತಿ ಬೇಕು. ಸಂದರ್ಶನದ ಅಧಿಕಾರಿ ಶಿಫಾರಸು ಮಾಡಿದರೆ ಅಮೆರಿಕದ ಗಡಿ ಇಲಾಖೆ ಅದನ್ನು ಪರಿಶೀಲಿಸುತ್ತದೆ. ಇಂಥ ಕೋರಿಕೆಯಲ್ಲಿ ಮೂರು ಸಂಗತಿಗಳನ್ನು ತೂಗಬೇಕೆಂದು ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 1978ರಲ್ಲಿ ಹೇಳಿತು: ಈ ವ್ಯಕ್ತಿ ಬಂದರೆ ಸಮಾಜಕ್ಕೆ ಹಾನಿಯ ಸಂಭವ ಎಷ್ಟು, ಹಳೆಯ ತಪ್ಪು ಎಷ್ಟು ಗಂಭೀರ, ಬರಲು ಕಾರಣವೇನು. ಸಾವು ಬದುಕಿನ ನಡುವಿರುವ ಮಗಳನ್ನು ನೋಡಬೇಕೆಂಬ ತಂದೆಯ ಕಾರಣಕ್ಕೆ ಇಲ್ಲಿ ತೂಕವಿದೆ. ಆದರೆ ಪರಿಶೀಲನೆಗೆ ತಿಂಗಳುಗಳೇ ಹಿಡಿಯಬಹುದು. ಇಂಥವರು ಅನುಮತಿ ಪಡೆದ ವಲಸೆ ವಕೀಲರನ್ನೇ ಕಾಣಬೇಕು. "ಖಂಡಿತ ಮಾಡಿಸಿಕೊಡುತ್ತೇನೆ" ಎಂದು ಮಾತು ಕೊಡುವವರಿಂದ ದೂರವಿರಿ. ಹಾಗೆ ಮಾತು ಕೊಡುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ.

ಕೆಲವರು ಗುರುಗಳ ಪತ್ರ ಕೇಳಿಕೊಂಡು ಬರುತ್ತಾರೆ. ಜ್ಞಾನಸ್ನಾನದ ದಾಖಲೆಯಲ್ಲಿರುವುದನ್ನು, ಕುಟುಂಬದ ಬಗ್ಗೆ ತನಗೆ ತಿಳಿದಿರುವುದನ್ನು ಗುರು ಬರೆದುಕೊಡಬಹುದು. ತಿಳಿಯದ್ದನ್ನು ಬರೆದರೆ ಆ ಪತ್ರಕ್ಕೂ ಬೆಲೆ ಉಳಿಯುವುದಿಲ್ಲ.

ಹೋಗಲಾಗದಿದ್ದರೆ

ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ವೀಸಾ ಸಿಗದೆ ಹೋಗಬಹುದು. ಸತ್ಯ ಹೇಳಿದವರಿಗೆಲ್ಲ ಬಾಗಿಲು ತೆರೆಯುತ್ತದೆಂದು ನಾನು ಹೇಳಲಾರೆ. ಆದರೆ ನಿಜ ಹೇಳಿ ನಿರಾಕರಿಸಲ್ಪಟ್ಟವರು ಮುಂದೆ ಮತ್ತೆ ಕೇಳಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಈ ಒಂದು ಪ್ರಯಾಣಕ್ಕಾಗಿ ಮುಂದಿನ ಎಲ್ಲ ಪ್ರಯಾಣಗಳನ್ನೂ ಕಳೆದುಕೊಳ್ಳಬಹುದು: ಮೊಮ್ಮಗುವಿನ ಜ್ಞಾನಸ್ನಾನ, ಮಗನ ಮದುವೆ, ಇನ್ನೊಂದು ಮರಣಶಯ್ಯೆ.

ಆದುದರಿಂದ ಮೊದಲ ದಿನವೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇಂಥ ದಾಖಲೆಯಿಲ್ಲದ ಬೇರೆ ಯಾರು ಹೋಗಬಹುದು? ತಂದೆಗೆ ಆಗದಿದ್ದರೆ ತಾಯಿ, ಅಣ್ಣನಿಗೆ ಆಗದಿದ್ದರೆ ತಂಗಿ ಹೋಗಲಿ. ಅಭಿಮಾನ ಅಡ್ಡ ಬಾರದಿರಲಿ. ಅಲ್ಲಿನ ಆಸ್ಪತ್ರೆಗೆ ಹತ್ತಿರದ ಧರ್ಮಕೇಂದ್ರದ ಗುರುಗಳಿಗೆ ವಿಷಯ ತಿಳಿಸಿದರೆ ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಅವರು ಬರಬಹುದು. ದೂರವಾಣಿಯನ್ನು ರೋಗಿಯ ಕಿವಿಯ ಬಳಿ ಹಿಡಿಯಲು ದಾದಿಯರನ್ನು ಕೇಳಿಕೊಳ್ಳಬಹುದು. ಹೋಗಲಾಗದೆ ಉಳಿದವರನ್ನು ಮನೆಯವರು ಚುಚ್ಚಿ ಮಾತನಾಡದಿರಲಿ. ಅವರ ನೋವು ಹೋದವರ ನೋವಿಗಿಂತ ಕಡಿಮೆಯದಲ್ಲ.

ಮನೆಯವರು ಕೂಡಿ ಚರ್ಚಿಸಲು

1. ನಮ್ಮ ಕುಟುಂಬದಲ್ಲಿ ಯಾರಿಗಾದರೂ ವೀಸಾ ಅಥವಾ ಪ್ರವೇಶ ನಿರಾಕರಣೆ ಆಗಿದೆಯೇ? ಅದರ ಕಾಗದ ಎಲ್ಲಿದೆ?

2. ನಾಳೆಯೇ ತುರ್ತು ಕರೆ ಬಂದರೆ ಯಾರು ಹೋಗಬಲ್ಲರು? ಅವರ ಪಾಸ್‌ಪೋರ್ಟ್ ಅವಧಿ ಉಳಿದಿದೆಯೇ?

3. ನಮ್ಮ ಪರವಾಗಿ ಬೇರೆಯವರು ತುಂಬಿದ ಅರ್ಜಿಗಳನ್ನು ನಾವು ಓದಿ ಸಹಿ ಮಾಡುತ್ತೇವೆಯೇ?